ಧೀಂಗಿಣ ಹಾಕಿದ ಮೇಲೆ ಮಾತು ಬಾರದಾದಾಗ: ಮಂಗಳೂರಿನಲ್ಲಿ ಮಾಡಿಸಿಕೊಂಡ ಸಿಪಿಇಟಿ ಪರೀಕ್ಷೆಯ ವಿಮರ್ಶೆ

ಕಳೆದ ವರ್ಷ ಜನವರಿಯಲ್ಲಿ ಸುರತ್ಕಲ್ ಬಳಿಯ ಒಂದು ಜಾತ್ರೆಗೆ ನಮ್ಮ ಮಹಿಳಾ ಹವ್ಯಾಸಿ ತಂಡದ ಯಕ್ಷಗಾನ ಆಟವಿತ್ತು. ನನ್ನದು ಅಭಿಮನ್ಯುವಿನ ವೇಷ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷವೆಂದರೆ, ಅಂದರೆ ಎಳೆಯ ವೀರನ ಪಾತ್ರವೆಂದರೆ, ಧೀಂಗಿಣ ಹಾಕಲೇಬೇಕು, ಗಿರಗಿರನೆ ಸುತ್ತುತ್ತಾ ಹಾರಲೇಬೇಕು. ಒಂದು ಪದ್ಯಕ್ಕೆ ಹನ್ನೆರಡು ಹಾಕುವುದು ನನಗೆ ರೂಢಿ. ಅಂದು ಆರನೆಯದಕ್ಕೇ ಉಸಿರು ಕಟ್ಟಿತು. ಪದ್ಯ ಮುಗಿದು ಚೆಂಡೆ ನಿಂತಿತು, ಅರ್ಥ ಹೇಳಬೇಕು, ಅಂದರೆ ಪಾತ್ರದ ಮಾತು ಆಡಬೇಕು. ಬಾಯಿ ತೆರೆದರೆ ಗಾಳಿಯಲ್ಲದೆ ಬೇರೇನೂ ಹೊರಡಲಿಲ್ಲ. ಹಾಡುವ ಭಾಗವತರು ನನ್ನ ಮುಖ ನೋಡಿ ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡರು. ದ್ರೋಣನ ವೇಷದಲ್ಲಿದ್ದ ಅಕ್ಕ ತನ್ನದೇ ನಾಲ್ಕು ಮಾತು ಸೇರಿಸಿ ನನಗೆ ಸಮಯ ಕೊಟ್ಟರು. ಬಣ್ಣ ಹಚ್ಚುವ ಚೌಕಿಗೆ ಬಂದು ಕಿರೀಟ ಬಿಚ್ಚುವಾಗಲೂ ಉಸಿರು ಸ್ತಿಮಿತಕ್ಕೆ ಬಂದಿರಲಿಲ್ಲ.

ಆಗ ನನಗೆ ನಲವತ್ತನಾಲ್ಕು ವರ್ಷ, ತೂಕ 58 ಕಿಲೋ. ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಉಸಿರಾಟದ ಪಾಠ ಮಾಡುತ್ತಿದ್ದೇನೆ. ಆಮೇಲೆ ನಡೆದದ್ದನ್ನು ಬರೆಯುತ್ತಿರುವುದು ನನ್ನಂತೆ ಏದುಸಿರಿಗೆ ಕಾರಣ ಹುಡುಕುತ್ತಿರುವವರಿಗಾಗಿ, ಅದರಲ್ಲೂ ಹೆಂಗಸರಿಗಾಗಿ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹೊಗಳಿಕೆಯೂ ಇದೆ, ದೂರೂ ಇದೆ. ನಾನು ಹೇಳಬೇಕಾಗಿರುವುದು ಪರೀಕ್ಷೆಯ ಬಗ್ಗೆ.

ಮೊದಲು ಕೈಗೆ ಬಂದದ್ದು ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್. ಕುಳಿತಾಗ 98. ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ತಿ, ಗೋಡೆ ಹಿಡಿದು ನಿಂತು ನೋಡಿದರೂ 97. ಯಂತ್ರ ಸರಿಯಾಗಿದೆ, ಆಮ್ಲಜನಕಕ್ಕೆ ಕೊರತೆಯಿಲ್ಲ, ಇದು ವಯಸ್ಸಿನದ್ದು ಎಂದುಕೊಂಡೆ. ಅನಂತರ ಒಂದು ಚಿಕಿತ್ಸಾಲಯಕ್ಕೆ ಹೋದೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎರಡು ನಿಮಿಷದಲ್ಲಿ ಇನ್‌ಹೇಲರ್ ಬರೆದುಕೊಟ್ಟರು. ಎರಡು ತಿಂಗಳು ಎಳೆದುಕೊಂಡೆ, ಗುಣ ಕಾಣಲಿಲ್ಲ. ಅಲ್ಲಿ ಒಂದು ಹನಿ ರಕ್ತವನ್ನೂ ಪರೀಕ್ಷಿಸಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಏಪ್ರಿಲ್‌ನಲ್ಲಿ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದ ವೈದ್ಯರು ನನ್ನ ಕತೆಯನ್ನು ಪೂರ್ತಿ ಕೇಳಿದರು. "ಟೀಚರ್, ಕುರ್ಚಿಯಲ್ಲಿ ಕುಳಿತಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಂದರೆ ಬರುವುದು ಕುಣಿಯುವಾಗ ತಾನೇ? ಹಾಗಾದರೆ ದುಡಿಯುವಾಗಲೇ ನೋಡಬೇಕು" ಎಂದು ಸಿಪಿಇಟಿ (ಕಾರ್ಡಿಯೊಪಲ್ಮನರಿ ಎಕ್ಸರ್‌ಸೈಜ್ ಟೆಸ್ಟ್) ಬರೆದರು. ಹೃದಯ, ಶ್ವಾಸಕೋಶ, ರಕ್ತ, ಸ್ನಾಯು, ಈ ನಾಲ್ಕೂ ಒಟ್ಟಿಗೆ ದುಡಿಯುತ್ತಿರುವಾಗ ಉಸಿರು ಉಸಿರಿಗೂ ಲೆಕ್ಕ ಹಿಡಿಯುವ ಪರೀಕ್ಷೆ ಇದು. ನಾನು ಕೊಟ್ಟದ್ದು 4,800 ರೂಪಾಯಿ. ನನ್ನ ವಿಮೆಯಿಂದ ಅದು ವಾಪಸು ಬರಲಿಲ್ಲ.

ದೂರನ್ನು ಮೊದಲು ಹೇಳಿ ಮುಗಿಸುತ್ತೇನೆ. ಸಮಯ ಗೊತ್ತುಮಾಡುವಾಗ ಏನು ಉಡಬೇಕು, ಏನು ತಿನ್ನಬೇಕು ಎಂದು ಫೋನಿನಲ್ಲಿ ಯಾರೂ ಹೇಳಲಿಲ್ಲ. ಎರಡು ಮೂರು ಗಂಟೆ ಮೊದಲಿನಿಂದ ಹೊಟ್ಟೆ ತುಂಬ ತಿನ್ನಬಾರದು, ಕಾಫಿ ಕುಡಿಯಬಾರದು, ಅಂದು ಬೇರೆ ವ್ಯಾಯಾಮ ಮಾಡಬಾರದು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಮನೆಯಲ್ಲಿ ನೀರುದೋಸೆ ತಿಂದು, ಕಾಫಿ ಕುಡಿದೇ ಹೊರಟಿದ್ದೆ. ಹಾಗಾಗಿ ಹನ್ನೊಂದೂವರೆಯವರೆಗೆ ಕಾಯಬೇಕಾಯಿತು. ಎದೆಯ ಮೇಲೆ ಇಸಿಜಿಯ ಹತ್ತು ತಂತಿ ಅಂಟಿಸಬೇಕು; ಅದಕ್ಕೆ ಮಹಿಳಾ ತಂತ್ರಜ್ಞೆ ಬೇಕೆಂದು ನಾನೇ ಬಾಯಿ ಬಿಟ್ಟು ಕೇಳಬೇಕಾಯಿತು. ಕೇಳಿದ ಮೇಲೆ ಮರುಮಾತಿಲ್ಲದೆ ಒಬ್ಬ ಹುಡುಗಿಯನ್ನು ಕಳುಹಿಸಿದರು, ನಿಜ. ಆದರೆ ಕೇಳಲು ಅಂಜುವವರು ಎಷ್ಟು ಮಂದಿ! ಬಟ್ಟೆ ಬದಲಿಸಲು ಇದ್ದದ್ದು ಒಂದು ಪರದೆಯ ಮೂಲೆ. ವರದಿ ಪೂರ್ತಿ ಇಂಗ್ಲಿಷ್‌ನಲ್ಲಿ, ಅದೂ ಸಂಕ್ಷೇಪಾಕ್ಷರಗಳಲ್ಲಿ. ವೈದ್ಯರು ಎದುರು ಕುಳಿತು ಬಿಡಿಸಿ ಹೇಳದಿದ್ದರೆ ವಿಜ್ಞಾನ ಕಲಿಸುವ ನನಗೂ ಅರ್ಧ ತಿಳಿಯುತ್ತಿರಲಿಲ್ಲ.

ಇನ್ನು ಆ ಹುಡುಗಿಯ ಕೆಲಸದ ಬಗ್ಗೆ. ಕಾಯುತ್ತಿದ್ದಾಗ ಅವಳು ಮೂರು ಲೀಟರಿನ ದೊಡ್ಡ ಪಿಚಕಾರಿಯೊಂದನ್ನು ಯಂತ್ರಕ್ಕೆ ಜೋಡಿಸಿ, ಒಮ್ಮೆ ನಿಧಾನ, ಒಮ್ಮೆ ರಭಸದಿಂದ ಹಿಂದೆ ಮುಂದೆ ನೂಕುತ್ತಿದ್ದಳು. ಸರಿಯಾಗಿ ಮೂರು ಲೀಟರ್ ಗಾಳಿ ಹೋದಾಗ ಯಂತ್ರವೂ ಮೂರು ಎಂದೇ ತೋರಿಸುತ್ತದೆಯೇ ಎಂಬ ಪರೀಕ್ಷೆ ಅದು. ಒಮ್ಮೆ ತುಸು ಹೆಚ್ಚು ತೋರಿಸಿತು. ಯಾರೂ ನೋಡುತ್ತಿಲ್ಲವೆಂದು ಬಿಡಬಹುದಿತ್ತು, ಬಿಡಲಿಲ್ಲ. ತಗಡಿನ ತಕ್ಕಡಿಯನ್ನು ಸರಿಮಾಡುವ ಅಂಗಡಿಯವನಂತೆ ಮೊದಲಿನಿಂದ ಶುರು ಮಾಡಿದಳು. ಆಮೇಲೆ ಸಿಲಿಂಡರಿನ ಅನಿಲದಿಂದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಳೆಯುವ ಭಾಗವನ್ನೂ ಸರಿನೋಡಿದಳು. ನನಗೆ ಮಾಸ್ಕ್ ಹಾಕಿ, ಮುಂದಿನ ತೂತನ್ನು ಅಂಗೈಯಿಂದ ಮುಚ್ಚಿ "ಊದಿ ಅಕ್ಕ" ಎಂದಳು. ಮೂಗಿನ ಪಕ್ಕದಿಂದ ಗಾಳಿ ಸೋರಿತು. ಬೇರೆ ಅಳತೆಯದು ಹಾಕಿದಳು. ಮೂರನೆಯದು ಸರಿ ಕೂತಿತು. ಈ ಪರೀಕ್ಷೆಯ ಬೆಲೆಯಿರುವುದು ಇಂಥ ಕಡೆ. ಸೋರುವ ಮಾಸ್ಕಿನಿಂದ ಬಂದ ಅಂಕಿಗಳು ಎಷ್ಟು ಚೆಂದದ ಕಾಗದದಲ್ಲಿ ಅಚ್ಚಾದರೂ ಸುಳ್ಳೇ.

ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಮೂರು ನಿಮಿಷ ಸುಮ್ಮನೆ ಕೂರುವುದು, ಮೂರು ನಿಮಿಷ ಭಾರವಿಲ್ಲದ ಪೆಡಲ್, ಆಮೇಲೆ ನಿಮಿಷಕ್ಕೆ ಹತ್ತು ವ್ಯಾಟ್‌ನಂತೆ ಏರುವ ಭಾರ. ಮಾಸ್ಕ್ ಇರುವುದರಿಂದ ಮಾತನಾಡುವಂತಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಪಟ್ಟಿಯ ಮೇಲೆ ಬೆರಳಿಟ್ಟು ಉಸಿರು ಎಷ್ಟು ಕಷ್ಟ, ಕಾಲು ಎಷ್ಟು ಕಷ್ಟ ಎಂದು ತೋರಿಸಬೇಕು. ಕೂತಿದ್ದಾಗ ನನ್ನ ಉಸಿರು ನಿಮಿಷಕ್ಕೆ 15 ಬಾರಿ, ಪ್ರತಿ ಸಲ ಅರ್ಧ ಲೀಟರಿಗಿಂತ ತುಸು ಹೆಚ್ಚು. ಒಟ್ಟು ಸುಮಾರು ಎಂಟು ಲೀಟರ್. ಪೆಡಲ್ ಮೊದಲ ಸುತ್ತು ತಿರುಗಿದೊಡನೆ ಪರದೆಯ ಗೆರೆ ಒಮ್ಮೆಲೇ ಮೇಲೆ ಜಿಗಿಯಿತು. ಕಾಲು ಇನ್ನೂ ದಣಿದೇ ಇಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಯೂ ಇಲ್ಲ. ಆದರೂ ಹಾಗೇಕೆ? ಕಾಲಿಗೆ ಓಡು ಎಂದು ಅಪ್ಪಣೆ ಕೊಡುವ ಮಿದುಳು ಅದೇ ಗಳಿಗೆಯಲ್ಲಿ ಉಸಿರಾಟದ ಕೇಂದ್ರಕ್ಕೂ ಸುದ್ದಿ ಮುಟ್ಟಿಸುತ್ತದೆ. ದುಡಿಯತೊಡಗಿದ ಸ್ನಾಯು ಕೀಲುಗಳ ನರಗಳೂ ಅದಕ್ಕೆ ದನಿಗೂಡಿಸುತ್ತವೆ. ಚೆಂಡೆಯ ಮೊದಲ ಪೆಟ್ಟಿಗೇ, ಹೆಜ್ಜೆ ಎತ್ತುವ ಮೊದಲೇ, ನನ್ನ ಎದೆ ಏರುತ್ತಿದ್ದದ್ದು ನೆನಪಾಯಿತು. ಅದನ್ನು ಇಷ್ಟು ವರ್ಷ ಭಯವೆಂದುಕೊಂಡಿದ್ದೆ.

ಅಲ್ಲಿಂದ ಮುಂದೆ ಉಸಿರು ಮೊದಲು ಆಳವಾಯಿತು, ಆಮೇಲೆ ಬೇಗವಾಯಿತು. ಕ್ರಮವೇ ಹಾಗೆ. ಒಂದು ಉಸಿರಿನ ಗಾತ್ರ ನಮ್ಮ ಪೂರ್ಣ ಉಸಿರಿನ ಅರ್ಧದಷ್ಟಾದ ಮೇಲೆ ಅದನ್ನು ಇನ್ನೂ ಹಿಗ್ಗಿಸಲು ಪಕ್ಕೆಲುಬಿನ ಸ್ನಾಯುಗಳಿಗೆ, ವಪೆಗೆ ಶ್ರಮ ಹೆಚ್ಚು. ಆಗ ದೇಹ ಉಸಿರಿನ ಸಂಖ್ಯೆಯನ್ನು ಏರಿಸುತ್ತದೆ. ಏಳನೆಯ ನಿಮಿಷದಲ್ಲಿ, 70 ವ್ಯಾಟ್ ಹತ್ತಿರ, ನಾನು ಕೈ ಎತ್ತಿದೆ. ಆಗಿನ ಲೆಕ್ಕ: ನಿಮಿಷಕ್ಕೆ 36 ಉಸಿರು, ಒಟ್ಟು 52 ಲೀಟರ್ ಗಾಳಿ. ನಾಡಿ 171. ಬೆರಳಿನ ಆಮ್ಲಜನಕ ಆಗಲೂ 97. ಹುಡುಗಿ ಒಮ್ಮೆಲೇ ಇಳಿಯಲು ಬಿಡದೆ ಬರಿಯ ಪೆಡಲ್ ತುಳಿಸುತ್ತಾ, ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

ವೈದ್ಯರ ಕೊಠಡಿಯಲ್ಲಿ ಕಳೆದ ಇಪ್ಪತ್ತೈದು ನಿಮಿಷಗಳಿಗಾಗಿಯೇ ಆ ದುಡ್ಡನ್ನು ಮತ್ತೊಮ್ಮೆ ಕೊಟ್ಟೇನು. ಮೊದಲು ಅವರು ಶ್ವಾಸಕೋಶವನ್ನು ಬದಿಗೆ ಇಟ್ಟರು. ನನ್ನ ಶ್ವಾಸಕೋಶ ಜೋರಾಗಿ ಊದಿದರೆ ನಿಮಿಷಕ್ಕೆ 92 ಲೀಟರ್ ಗಾಳಿ ಆಡಿಸಬಲ್ಲದು. ಸೋತು ನಿಂತಾಗ ಆಡಿಸುತ್ತಿದ್ದದ್ದು 52. ಅಂದರೆ ಉಸಿರಿನ ಉಗ್ರಾಣದಲ್ಲಿ ನಲವತ್ತು ಲೀಟರ್ ಉಳಿದಿರುವಾಗಲೇ ನಾನು ಕೈಚೆಲ್ಲಿದ್ದೆ. ಆರೋಗ್ಯವಂತರಲ್ಲಿ ವ್ಯಾಯಾಮವನ್ನು ತಡೆದು ನಿಲ್ಲಿಸುವುದು ಸಾಮಾನ್ಯವಾಗಿ ಶ್ವಾಸಕೋಶವಲ್ಲ. ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ನಮ್ಮ ಇಪ್ಪತ್ತಡಿ ಚೌಕದ ಎರಡು ರಂಗಸ್ಥಳದಷ್ಟು. ಅಷ್ಟು ವಿಸ್ತಾರದಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಒಂದು ಮೈಕ್ರೋಮೀಟರ್ ದಪ್ಪವೂ ಇಲ್ಲದ ಪೊರೆ. ಕೆಂಪು ರಕ್ತಕಣವೊಂದು ಅಲ್ಲಿಯ ಲೋಮನಾಳವನ್ನು ದಾಟಲು ವಿಶ್ರಾಂತಿಯಲ್ಲಿ ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ, ಆದರೆ ಅದರ ಮೂರನೆಯ ಒಂದು ಪಾಲಿನಲ್ಲೇ ಆಮ್ಲಜನಕ ತುಂಬಿಕೊಂಡಿರುತ್ತದೆ. ಕುಣಿಯುವಾಗ ರಕ್ತ ಧಾವಿಸಿ ಆ ಸಮಯ ಕಾಲು ಸೆಕೆಂಡಿಗೆ ಇಳಿದರೂ ಕಣ ತುಂಬಿಯೇ ಹೊರಡುತ್ತದೆ. ಆದ್ದರಿಂದಲೇ ಆರೋಗ್ಯವಂತರು ಎಷ್ಟು ಏದುಸಿರು ಬಿಟ್ಟರೂ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ಹಾಗಾದರೆ ಸಿಕ್ಕಿಬಿದ್ದದ್ದು ಎಲ್ಲಿ? ವೈದ್ಯರು ಪರದೆಯ ಮೇಲೆ ಒಂದು ಚಿತ್ರ ತೆರೆದರು. ಅಡ್ಡಕ್ಕೆ ನಾನು ಬಳಸಿದ ಆಮ್ಲಜನಕ, ಮೇಲಕ್ಕೆ ನಾನು ಬಿಟ್ಟ ಇಂಗಾಲದ ಡೈಆಕ್ಸೈಡ್. ಪ್ರತಿ ಉಸಿರಿಗೆ ಒಂದು ಚುಕ್ಕೆ. ಚುಕ್ಕೆಗಳು ಒಂದೇ ಗೆರೆಯಲ್ಲಿ ಓರೆಯಾಗಿ ಏರುತ್ತಾ ಬಂದು, 560 ಮಿಲಿ ಲೀಟರ್ ಹತ್ತಿರ ಮೊಣಕೈ ಮಡಚಿದಂತೆ ಮೇಲಕ್ಕೆ ತಿರುಗಿದ್ದವು. "ಇಲ್ಲಿಂದ ಮುಂದೆ ನೀವು ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಬೇಗ ಏರುತ್ತಿದೆ, ನೋಡಿ" ಎಂದರು.

ಆ ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಎಲ್ಲಿಂದ ಬಂತು ಎಂದು ಅವರು ವಿವರಿಸುತ್ತಿರುವಾಗ ನನ್ನ ಕಣ್ಣ ಮುಂದೆ ಬಂದದ್ದು ಮಂಗಳೂರು ಬನ್ಸ್. ಬಾಳೆಹಣ್ಣು ಕಿವುಚಿ, ಹುಳಿ ಮೊಸರು ಹಾಕಿ, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಆ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವಲ್ಲ? ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ, ಸೋಡಾ ಎಂದರೆ ಬೈಕಾರ್ಬೊನೇಟ್; ಎರಡೂ ಸೇರಿದಾಗ ಬಿಡುಗಡೆಯಾಗುವುದು ಇಂಗಾಲದ ಡೈಆಕ್ಸೈಡ್. ಜೋರಾಗಿ ದುಡಿಯುವ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಖರ್ಚಾಗುವುದಕ್ಕಿಂತ ಬೇಗ ಕೂಡಿಬೀಳತೊಡಗಿದಾಗ ರಕ್ತದ ಬೈಕಾರ್ಬೊನೇಟ್ ಅದನ್ನು ತಣಿಸುತ್ತದೆ. ಅದೇ ಮೊಸರು, ಅದೇ ಸೋಡಾ, ಅದೇ ಗುಳ್ಳೆ. ಆ ಅನಿಲವನ್ನು ಹೊರಹಾಕಲು ಶ್ವಾಸಕೋಶ ಹೆಚ್ಚು ದುಡಿಯಬೇಕು. ಭಾರ ಇನ್ನೂ ಏರಿದರೆ ರಕ್ತ ಹುಳಿಯಾಗತೊಡಗುತ್ತದೆ. ಕತ್ತಿನ ಎರಡೂ ಬದಿಯ ಅಪಧಮನಿಗಳ ಕವಲಿನಲ್ಲಿರುವ ಪುಟ್ಟ ಕೆರೊಟಿಡ್ ಕಾಯಗಳು ಅದನ್ನು ಗುರುತಿಸಿ ಉಸಿರನ್ನು ಇನ್ನಷ್ಟು ಓಡಿಸುತ್ತವೆ. ಈ ಕಾಯಗಳು ಉಸಿರಾಟವನ್ನು ಹೇಗೆ ನಡೆಸುತ್ತವೆ ಎಂದು ತೋರಿಸಿದ್ದಕ್ಕೆ ಬೆಲ್ಜಿಯಂನ ಕಾರ್ನೈಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂದಿತ್ತು. ಏದುಸಿರೆಂದರೆ ಆಮ್ಲಜನಕಕ್ಕಾಗಿ ಹಪಹಪಿಕೆ ಎಂದು ನಾನು ತರಗತಿಯಲ್ಲಿ ಹೇಳಿಕೊಟ್ಟದ್ದುಂಟು. ಅದರಲ್ಲಿ ದೊಡ್ಡ ಪಾಲು ಹೊರಹಾಕುವ ಕೆಲಸದ್ದು ಎಂದು ಈಗ ಹೇಳಿಕೊಡುತ್ತೇನೆ.

ಆ ಮೊಣಕೈಯ ತಿರುವು ಎಲ್ಲರಿಗೂ ಬರುತ್ತದೆ. ತರಬೇತಿಯಿಲ್ಲದವರಲ್ಲೂ ಸಾಮಾನ್ಯವಾಗಿ ಗರಿಷ್ಠ ಶಕ್ತಿಯ ಅರ್ಧ ದಾಟಿದ ಮೇಲೆ ಬರುತ್ತದೆ. ನನ್ನ ವಯಸ್ಸು ತೂಕಕ್ಕೆ ನಿರೀಕ್ಷಿಸುವ ಗರಿಷ್ಠ ಆಮ್ಲಜನಕ ಬಳಕೆ ನಿಮಿಷಕ್ಕೆ ಸುಮಾರು 1,600 ಮಿಲಿ ಲೀಟರ್. ನನಗೆ ಮುಟ್ಟಲಾದದ್ದು 1,120. ತಿರುವು ಬಂದದ್ದು 560ಕ್ಕೇ, ನಿರೀಕ್ಷೆಯ ಮೂರನೆಯ ಒಂದು ಪಾಲಿಗೇ. ನಾಡಿ ಮಾತ್ರ ಏರಬೇಕಾದಷ್ಟು ಏರಿತ್ತು, ಇಸಿಜಿ ಸರಿಯಿತ್ತು. ವೈದ್ಯರು ಕನ್ನಡಕ ತೆಗೆದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಹಿಮೋಗ್ಲೋಬಿನ್ ಯಾವಾಗ ನೋಡಿಸಿದ್ದಿರಿ?" ನನಗೆ ನೆನಪಿರಲಿಲ್ಲ. ಅಂದೇ ರಕ್ತ ಕೊಟ್ಟೆ. ಸಂಜೆಗೆ ಮೊಬೈಲಿಗೆ ಬಂತು: 9.2.

ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿಲಿ ಲೀಟರ್ ಆಮ್ಲಜನಕ. 13 ಗ್ರಾಂ ಇದ್ದವರ ನೂರು ಮಿಲಿ ಲೀಟರ್ ರಕ್ತದಲ್ಲಿ ಹದಿನೇಳು ಮಿಲಿ ಲೀಟರ್ ಹೋದರೆ ನನ್ನದರಲ್ಲಿ ಹೋಗುತ್ತಿದ್ದದ್ದು ಹನ್ನೆರಡು. ಆಕ್ಸಿಮೀಟರ್ ಇದನ್ನು ತೋರಿಸಲಾರದು. ಅದು ಹೇಳುವುದು ಇರುವ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟು ತುಂಬಿದೆ ಎಂದು ಮಾತ್ರ. ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಪ್ರತಿ ಬಸ್ಸಿನಲ್ಲೂ ಸೀಟು ತುಂಬಿದೆ, ಸರಿ. ಹತ್ತು ಬಸ್ಸಿನ ಕಡೆ ಏಳೇ ಓಡುತ್ತಿದ್ದರೆ ಸ್ಟೇಟ್ ಬ್ಯಾಂಕಿನಲ್ಲಿ ಇಳಿಯುವವರು ಕಡಿಮೆಯೇ. ಹೃದಯ ಬೇಗ ಬೇಗ ಬಡಿದು ಅದೇ ಏಳು ಬಸ್ಸುಗಳನ್ನು ಹೆಚ್ಚು ಟ್ರಿಪ್ ಓಡಿಸುತ್ತಿತ್ತು. ಹಾಗೆ ಓಡಿಸಿಯೂ ಸಾಲದೆ ಸ್ನಾಯು ಬೇಗನೆ ಹುಳಿಯಾಗುತ್ತಿತ್ತು, ಉಸಿರು ಮೇಲಕ್ಕೆ ಬರುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಎರಡು ವರ್ಷಗಳಿಂದ ಮುಟ್ಟಿನ ಸ್ರಾವ ಹೆಚ್ಚಿತ್ತು. ವಯಸ್ಸಾಗುವಾಗ ಹೀಗೇ ಎಂದು ಅಮ್ಮ, ಅತ್ತೆ, ಸಹೋದ್ಯೋಗಿಗಳು ಎಲ್ಲರೂ ಹೇಳಿದ್ದರು. ಸ್ತ್ರೀರೋಗ ತಜ್ಞೆಯ ಚಿಕಿತ್ಸೆಯ ಜೊತೆ ಕಬ್ಬಿಣದ ಮಾತ್ರೆ ನಡೆಯಿತು. ಮಾತ್ರೆಯ ಹೊತ್ತಿಗೆ ಚಹಾ ಕಾಫಿ ಬೇಡ, ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ ಎಂದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇಷ್ಟು ಸಾಮಾನ್ಯವಾದದ್ದನ್ನು ಕೇಳದೆ, ನೋಡದೆ ಇನ್‌ಹೇಲರ್ ಬರೆದದ್ದಕ್ಕೇ ನನ್ನ ಸಿಟ್ಟು.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಸಣ್ಣ ಖರ್ಚಿನ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಕ್ಕೆ 4,800 ರೂಪಾಯಿ ಯಾಕೆ? ನನ್ನ ಉತ್ತರ: ಮೊದಲು ರಕ್ತ ನೋಡಿಸಿ. ಆಸ್ಪತ್ರೆಯವರು ಕೂಡ ಸೈಕಲ್ ಹತ್ತಿಸುವ ಮೊದಲೇ ಅದನ್ನು ನೋಡಬೇಕಿತ್ತು; ಅದು ಅವರ ಲೋಪ, ವೈದ್ಯರು ಒಪ್ಪಿಕೊಂಡರು. ಆದರೂ ಪರೀಕ್ಷೆ ದಂಡವಾಯಿತು ಎನ್ನಲಾರೆ. ಹಿಮೋಗ್ಲೋಬಿನ್ ಕಡಿಮೆಯೆಂದು ರಕ್ತ ಹೇಳುತ್ತದೆ. ನನ್ನ ಏದುಸಿರಿಗೆ ಅದೇ ಕಾರಣ, ಶ್ವಾಸಕೋಶ ಹೃದಯಗಳಲ್ಲಿ ಬೇರೆ ತಡೆ ಕಾಣಲಿಲ್ಲ ಎಂಬ ಭರವಸೆ ಕೊಟ್ಟದ್ದು ಇದು. ಮತ್ತೊಂದು ಲಾಭವೂ ಇದೆ. ತಿರುವು ಯಾವ ನಾಡಿಗೆ ಬರುತ್ತದೆಂದು ಗೊತ್ತಾದರೆ ಅಭ್ಯಾಸಕ್ಕೆ ಒಂದು ಹದ ಸಿಗುತ್ತದೆ.

ಸೆಪ್ಟೆಂಬರಿನಲ್ಲಿ ಅದೇ ಕೊಠಡಿಗೆ ಮತ್ತೆ ಹೋದೆ. ಹಿಮೋಗ್ಲೋಬಿನ್ 12.3. ಗರಿಷ್ಠ ಬಳಕೆ 1,460ಕ್ಕೆ ಏರಿತ್ತು, ತಿರುವು 800ರ ಹತ್ತಿರ, ಆಗ ನಾಡಿ 128. ಶ್ವಾಸಕೋಶದ ಅಳತೆ ಮಾತ್ರ ಮೊದಲಿನಷ್ಟೇ! ಅದು ಬೆಳೆದಿರಲಿಲ್ಲ, ಬೆಳೆಯಬೇಕಾಗಿಯೂ ಇರಲಿಲ್ಲ. ಈಗ ವಾರಕ್ಕೆ ಮೂರು ಬೆಳಗ್ಗೆ ಸುರತ್ಕಲ್ ಕಡಲತೀರದಲ್ಲಿ ನಲವತ್ತು ನಿಮಿಷ ಚುರುಕಾಗಿ ನಡೆಯುತ್ತೇನೆ, ಅಭಿಮನ್ಯುವಿನ ಅರ್ಥವನ್ನು ಗಟ್ಟಿಯಾಗಿ ಹೇಳಿಕೊಂಡು. ವಾಕ್ಯದ ನಡುವೆ ಉಸಿರು ತುಂಡಾದರೆ ತಿರುವು ಸಮೀಪಿಸಿದೆ ಎಂದರ್ಥ. ವಾಚು ನೋಡಿದರೆ 125, 130 ಇರುತ್ತದೆ. ಮಾತೇ ಮಾಪಕ. ಇನ್ನೆರಡು ದಿನ ನಾಲ್ಕು ನಾಲ್ಕರಂತೆ ಧೀಂಗಿಣ, ನಡುವೆ ಎರಡು ನಿಮಿಷ ಬಿಡುವು. ಹನ್ನೆರಡಕ್ಕೆ ಇನ್ನೂ ಮುಟ್ಟಿಲ್ಲ, ಹತ್ತಕ್ಕೆ ಬಂದಿದ್ದೇನೆ. ಹತ್ತು ಮುಗಿದ ಮೇಲೂ ಒಂದು ಹೊತ್ತು ಏದುಸಿರು ಇದ್ದೇ ಇರುತ್ತದೆ, ಕೂಡಿಬಿದ್ದ ಹುಳಿ ಕರಗಬೇಕಲ್ಲ. ಭಾಗವತರೊಂದಿಗೆ ಮಾತನಾಡಿ, ಆ ಪದ್ಯದ ಕೊನೆಯ ಸಾಲನ್ನು ಎರಡು ಸಲ ಹಾಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ.

ಹೋಗುವವರಿಗೆ ಇಷ್ಟು: ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ಅಥವಾ ಹೃದ್ರೋಗ ವಿಭಾಗದಲ್ಲಿ ವಿಚಾರಿಸಿ. ಜ್ವರವಿದ್ದರೆ, ಉಬ್ಬಸ ಹತೋಟಿಯಲ್ಲಿಲ್ಲದಿದ್ದರೆ, ಹೃದಯಾಘಾತವಾಗಿ ಹೆಚ್ಚು ದಿನವಾಗಿಲ್ಲದಿದ್ದರೆ ಮೊದಲೇ ಹೇಳಿಬಿಡಿ. ಆಗ ಈ ಪರೀಕ್ಷೆ ಮಾಡುವುದಿಲ್ಲ. ಸಡಿಲ ಪ್ಯಾಂಟು, ಮುಂದೆ ಗುಂಡಿಯಿರುವ ಅಂಗಿ, ಹಿಮ್ಮಡಿ ಬಿಗಿಯುವ ಬೂಟು ಇರಲಿ. ದುಪಟ್ಟಾ ಪೆಡಲಿಗೆ ಸಿಕ್ಕುತ್ತದೆ. ಮಹಿಳಾ ತಂತ್ರಜ್ಞೆ ಬೇಕಿದ್ದರೆ ಸಮಯ ಗೊತ್ತುಮಾಡುವಾಗಲೇ ಕೇಳಿ. ವರದಿ ಕೈಗೆ ಬಂದೊಡನೆ ಹೊರಡಬೇಡಿ, ವೈದ್ಯರು ಆ ಚುಕ್ಕೆಗಳ ಚಿತ್ರವನ್ನು ತೆರೆದು ತೋರಿಸುವವರೆಗೆ ಕುರ್ಚಿಯಿಂದ ಏಳಬೇಡಿ.